ಭಂಡಾರ ಮುಟ್ಟಿದವರು

ಕಾರೇಕಟ್ಟೆ
೧೨ ನವೆಂಬರ್ ೨೦೨೪

ದಾಕ್ಷಾಯಣಕ್ಕನಿಗೆ ನಿನ್ನ ಸಿದ್ದಮ್ಮ ಮಾಡುವ ಶರಣು.

ಕೊಟ್ಟೂರೇಶ್ವರನ ದಯದಿಂದ ಇಲ್ಲಿ ಎಲ್ಲರೂ ಆರಾಮ. ದೀಪಾವಳಿಗೆ ನೀನು ಊರಿಗೆ ಬರುತ್ತೀ ಎಂದು ದಾರಿ ನೋಡಿದೆ. ಆಮೇಲೆ ಫೋನ್ ಮಾಡಿದೆ. ಮಾಡಿದಾಗಲೆಲ್ಲ ನಿನ್ನ ಪಿ.ಎ. ಅರುಣಕುಮಾರ್ ಎತ್ತಿ, "ಅಕ್ಕಾರು ಮೀಟಿಂಗ್‌ನಾಗ ಅದಾರ" ಎಂದ. ಆಗಲಿ, ತಾಲೂಕಿಗೇ ನಾಯಕಿಯಾದವಳಿಗೆ ಮೀಟಿಂಗು ಇರಬೇಕಾದದ್ದೇ. ಹೋದ ವರ್ಷ ನಾವಿಬ್ಬರು ಮಾತಾಡಿದ್ದನ್ನು ಯಾರೋ ರೆಕಾರ್ಡ್ ಮಾಡಿ ಊರ ತುಂಬ ಹಂಚಿದ ಮೇಲೆ, ಮುಖ್ಯವಾದದ್ದನ್ನು ಫೋನಿನಲ್ಲಿ ಆಡಬೇಡ, ಕಾಗದದಲ್ಲಿ ಬರೆದು ಬಸ್ಸಿನ ಕಂಡಕ್ಟರ್ ಯರ್ರೆಪ್ಪನ ಕೈಗೆ ಕೊಡು ಎಂದು ನೀನೇ ಹೇಳಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ. ಊರ ಶಾಲೆಯಲ್ಲಿ ಕಲಿತವಳ ಅಕ್ಷರ, ತಾಳ್ಮೆಯಿಂದ ಓದು.

ಪಂಚಾಯ್ತಿ ವಿಷಯ. ಶಾಂಭವಿ ಅಧ್ಯಕ್ಷೆಯಾಗಿ ಅರ್ಧ ಅವಧಿ ಮುಗಿಯಿತು. ನಿನಗೆ ಮರೆತಿದೆ ಎಂದು ಹೇಳುತ್ತಿಲ್ಲ. ನಿನಗೆ ನೂರು ಊರಿನ ಚಿಂತೆ, ನನಗೆ ಇದೊಂದೇ. ಅಧ್ಯಕ್ಷರ ಚುನಾವಣೆಯ ಹಿಂದಿನ ವಾರ ನೀನು ನಮ್ಮ ಹದಿಮೂರು ಮೆಂಬರುಗಳನ್ನೂ ಎರಡು ಗಾಡಿ ಮಾಡಿಸಿ ಮೈಲಾರಕ್ಕೆ ಕರೆದುಕೊಂಡು ಹೋಗಿದ್ದೆ. ಈ ಸಲ ಕುರ್ಚಿ ಹೆಣ್ಣುಮಕ್ಕಳಿಗೆ ಮೀಸಲು. ಮೊದಲ ಅರ್ಧ ನಿನ್ನ ಮೈದುನನ ಸೊಸೆ ಶಾಂಭವಿಗೆ, ಉಳಿದರ್ಧ ಕೆರೆ ಹಿಂದಿನ ಕೇರಿಯ ಕೆಂಚಕ್ಕನಿಗೆ ಎಂದು ನೀನೇ ತೀರ್ಮಾನ ಹೇಳಿದೆ. ಮೈಲಾರಲಿಂಗನ ಭಂಡಾರದ ತಟ್ಟೆ ಹಿಡಿಯುವವರು ಯಾರು ಎಂಬ ಮಾತು ಬಂದಾಗ, "ಸಿದ್ದಿ ಹಿಡೀಲಿ. ಆಕಿ ಕೈಯಾಗಿದ್ರ ಯಾರೂ ಅನುಮಾನ ಪಡಂಗಿಲ್ಲ" ಎಂದೆ. ನಾನು ಹಿಡಿದೆ. ನೀನು ಹೇಳಿಕೊಟ್ಟ ಎರಡು ಮಾತನ್ನು ನಾನೇ ಎಲ್ಲರಿಂದ ಹೇಳಿಸಿದೆ. ಒಂದು, ಅರ್ಧ ಅವಧಿಯಾದ ದಿನ ಶಾಂಭವಿ ಕುರ್ಚಿ ಬಿಡಬೇಕು, ಕೆಂಚಕ್ಕ ಕೂರಬೇಕು. ಎರಡು, ಅವಧಿ ಪೂರ್ತಿ ಮುಗಿಯುವವರೆಗೆ ನಮ್ಮ ಗುಂಪಿನ ವಿರುದ್ಧ ಯಾರೂ ಕೈ ಎತ್ತಬಾರದು. ಹೇಳಿ, ಆಣೆಯಾಗಿ ಭಂಡಾರದ ಅರಿಶಿನ ಮುಟ್ಟಿ ಹಣೆಗೆ ಹಚ್ಚಿಕೊಂಡರು.

ಕೆಂಚಕ್ಕನಿಗೆ ಕುರ್ಚಿಯ ಆಸೆ ಇಲ್ಲ, ನಿನಗೂ ಗೊತ್ತು. ಆಕೆಗೆ ಬೇಕಾದದ್ದು ಕೇರಿಯವರ ಸುಡುಗಾಡಿನ ದಾರಿ. ಶಾಂಭವಿಯ ಗಂಡ ಪ್ರವೀಣಕುಮಾರ ತನ್ನ ಹೊಲಕ್ಕೆ ದಾಳಿಂಬೆ ಹಾಕಿ ಸುತ್ತ ತಂತಿ ಬೇಲಿ ಬಿಗಿದ ಮೇಲೆ ಆ ಹಳೇ ಬಂಡಿದಾರಿ ಒಳಗೆ ಸೇರಿಹೋಯಿತು. ಈಗ ಹೆಣ ಹೊತ್ತವರು ಹಳ್ಳ ಇಳಿದು ಹತ್ತಿ ಹೋಗಬೇಕು. ಅಧ್ಯಕ್ಷೆಯಾದರೆ ಮೊದಲನೇ ಮೀಟಿಂಗಿನಲ್ಲೇ ಠರಾವು ಮಾಡಿ ಸರ್ವೆಯವರನ್ನು ಕರೆಸುತ್ತೇನೆ ಎಂದು ಆಕೆ ಕಾಯುತ್ತಿದ್ದಾಳೆ. ನೀನು ಶಾಂಭವಿಗೆ ಒಂದು ಮಾತು ಹೇಳಿದರೆ ಮುಗಿಯಿತು.

ಮೊಮ್ಮಗಳಿಗೆ ನನ್ನ ಮುತ್ತು ಕೊಡು.

ನಿನ್ನ ಸಿದ್ದಿ


ಹಗರಿಬೊಮ್ಮನಹಳ್ಳಿ
೫ ಡಿಸೆಂಬರ್ ೨೦೨೪

ತಂಗಿ ಸಿದ್ದಮ್ಮನಿಗೆ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಓದುತ್ತಿದ್ದರೆ ನೀನು ಎದುರಿಗೇ ಕೂತು ಮಾತಾಡಿದಂತಾಯಿತು. ಒಂದೇ ಓಣಿಗೆ ಸೊಸೆಯರಾಗಿ ಬಂದವರು ನಾವು. ನಿನ್ನ ಹತ್ತಿರ ಮುಚ್ಚಿಡುವುದೇನಿದೆ.

ಮೈಲಾರದ ಮಾತು ನನಗೆ ಚೆನ್ನಾಗಿ ನೆನಪಿದೆ. ಆದರೆ ಸ್ವಲ್ಪ ತಡಿ. ನಮ್ಮ ಪಕ್ಷದ ಜಿಲ್ಲಾ ಮಹಿಳಾ ಘಟಕಕ್ಕೆ ಅಧ್ಯಕ್ಷೆಯನ್ನು ಮಾಡುವವರಿದ್ದಾರೆ. ಯಾರ ಹಿಂದೆ ಎಷ್ಟು ಪಂಚಾಯ್ತಿ ಇವೆ, ಯಾರ ಜನ ಗಟ್ಟಿ ಇದ್ದಾರೆ ಎಂದು ಮೇಲಿನವರು ಅಳೆಯುತ್ತಿದ್ದಾರೆ. ಎರಡು ಸಲ ನನಗೆ ಟಿಕೆಟ್ ತಪ್ಪಿಸಿದರು. ಹಡಗಲಿಯವಳೊಬ್ಬಳು ತಪ್ಪಿದ ಮರುದಿನವೇ ಬೇರೆ ಪಕ್ಷದ ಶಾಲು ಹೊದ್ದಳು. ನಾನು ಹೋಗಲಿಲ್ಲ. ಬಾಯಿ ಮುಚ್ಚಿಕೊಂಡು ಅವರ ಅಭ್ಯರ್ಥಿಗೇ ಮನೆಮನೆ ತಿರುಗಿದೆ. ಅದರ ಫಲ ಈಗ ಕೈಗೆ ಬರುವ ಹೊತ್ತು.

ನಾಯಕಿ ಎಂದರೆ ಭಾಷಣ ಮಾಡುವವಳಲ್ಲ ಸಿದ್ದಿ. ಹಿಂತಿರುಗಿ ನೋಡಿದಾಗ ಜನ ಅಲ್ಲೇ ನಿಂತಿರಬೇಕು, ಅಷ್ಟೇ. ನಮ್ಮೂರಿಗೆ ಹೈಸ್ಕೂಲು ಹೇಗೆ ಬಂತು? ನನ್ನ ಮಾತಿನಿಂದ ಬಂತೇ? ನೀವು ನಲವತ್ತು ಹೆಂಗಸರು ಬಿಸಿಲಿನಲ್ಲಿ ಆಫೀಸಿನ ಮುಂದೆ ಕೂತಿರಿ, ನಾನು ಏಳಿ ಎನ್ನುವ ತನಕ ಒಬ್ಬರೂ ಏಳಲಿಲ್ಲ. ಸಾಹೇಬರು ನೋಡಿದ್ದು ನನ್ನನ್ನಲ್ಲ, ಏಳದ ನಿಮ್ಮನ್ನು. ನಿಷ್ಠೆ ಇರುವ ಕಡೆ ಕೆಲಸ ಆಗುತ್ತದೆ. ಅದು ಇಲ್ಲದ ಕಡೆ ಎಂಥ ಒಳ್ಳೆಯವಳಿದ್ದರೂ ಏನೂ ಆಗುವುದಿಲ್ಲ.

ಪ್ರವೀಣನ ಹಿಂದೆ ಊರಿನ ಹುಡುಗರಿದ್ದಾರೆ. ಈಗ ಅವನ ಹೆಂಡತಿಯನ್ನು ಇಳಿಸಿದರೆ ಅವನು ಅವರನ್ನೆಲ್ಲ ಕಟ್ಟಿಕೊಂಡು ಆಚೆ ಹೋಗುತ್ತಾನೆ. ನೀನು ಹೋಗುವುದಿಲ್ಲ, ಕೆಂಚಕ್ಕನೂ ಹೋಗುವುದಿಲ್ಲ. ಅದಕ್ಕೇ ನಿಮ್ಮಿಬ್ಬರ ಹತ್ತಿರ ಸಮಯ ಕೇಳುತ್ತಿದ್ದೇನೆ. ಯುಗಾದಿ ಆಗಲಿ.

ನಿಮ್ಮ ಮನೆಯವರಾದ ಹಾಲೇಶಪ್ಪನವರಿಗೆ ನಮಸ್ಕಾರ ತಿಳಿಸು.

ನಿನ್ನ ಅಕ್ಕ
ದಾಕ್ಷಾಯಣಮ್ಮ


ಕಾರೇಕಟ್ಟೆ
೮ ಏಪ್ರಿಲ್ ೨೦೨೫

ದಾಕ್ಷಾಯಣಕ್ಕನಿಗೆ ಸಿದ್ದಮ್ಮನ ಶರಣು.

ಯುಗಾದಿ ಆಯಿತು. ಬೇವು ಬೆಲ್ಲ ಹಂಚಲು ಹೋದಾಗ ಕೆಂಚಕ್ಕನ ಮನೆಯ ಮುಂದೆ ನನ್ನ ಕಾಲು ತಾನಾಗಿ ನಿಧಾನವಾಯಿತು.

ಆಕೆ ಕೇಳುವುದಿಲ್ಲ ಅಕ್ಕ. ಕೇಳಿದ್ದರೆ ನನಗೆ ಹಗುರಾಗುತ್ತಿತ್ತು. ಸೋಮವಾರ ನಾನು ಪೂಜೆ ಮುಗಿಸಿ ಹೊರಗೆ ಬರುವ ಹೊತ್ತಿಗೆ ನಮ್ಮ ಕಟ್ಟೆಯ ಮೇಲೆ ಬಂದು ಕೂತಿರುತ್ತಾಳೆ. ಹುಣಸೆಹಣ್ಣು ಬಿಡಿಸುತ್ತಿದ್ದರೆ ತಾನೂ ಕೈ ಹಾಕುತ್ತಾಳೆ. ತನ್ನ ಗಂಡ ಹುಲುಗೇಶನ ಹೊಟ್ಟೆನೋವಿನ ಸುದ್ದಿ ಹೇಳುತ್ತಾಳೆ, ಕೂಡ್ಲಿಗಿ ಆಸ್ಪತ್ರೆಯಲ್ಲಿ ಸರದಿ ಸಿಗದ ಸುದ್ದಿ ಹೇಳುತ್ತಾಳೆ. ಏಳುವಾಗ ಸೆರಗು ಕೊಡವಿಕೊಂಡು, "ಅಕ್ಕಾರು ಆರಾಮ ಅದಾರೇನು ಯವ್ವ" ಅನ್ನುತ್ತಾಳೆ. ಅಷ್ಟೇ. ಆರಾಮ ಅದಾರ ಅನ್ನುತ್ತೇನೆ ನಾನು.

ನಮ್ಮ ಮನೆಯವರಿಗೆ ಇದೊಂದು ಮೋಜಾಗಿದೆ. ಮೊನ್ನೆ ಊಟಕ್ಕೆ ಕೂತು, "ನಿಮ್ಮಕ್ಕನ ಯುಗಾದಿ ಯಾವ ಪಂಚಾಂಗದಾಗ ಐತಿ, ಒಂದೀಟು ನೋಡಿ ಹೇಳು" ಎಂದರು. ನಾನು ನಿನ್ನ ಪರವಾಗಿಯೇ ಮಾತಾಡಿದೆ. ಅಕ್ಕ ಸುಮ್ಮನೆ ಏನೂ ಮಾಡುವವಳಲ್ಲ ಎಂದೆ. ಅನ್ನುವಾಗ ಗಟ್ಟಿಯಾಗಿಯೇ ಅಂದೆ. ಅಂದು ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ನಿನ್ನನ್ನು ಕಾಡುವುದು ಬೇಡ ಎಂದು ನಾನೇ ಪ್ರವೀಣಕುಮಾರನ ತೋಟಕ್ಕೆ ಹೋದೆ. ಚಿಗವ್ವ ಬಾ ಎಂದು ಮರ್ಯಾದೆಯಿಂದಲೇ ಕರೆದ. ಮೈಲಾರದಲ್ಲಿ ಎಲ್ಲರೂ ಭಂಡಾರ ಮುಟ್ಟಿದ ಮಾತು ತೆಗೆದೆ. ಅವನು ನಕ್ಕ.

"ಎಲ್ಲಾರೂ ಅಂತ ಯಾಕ ಅಂತಿ ಚಿಗವ್ವ? ಆವತ್ತು ನನ್ನ ಹೆಂಡ್ತಿ ಹೊರಗಾಗಿದ್ಲು. ದೂರ ನಿಂತಿದ್ಲು, ನೀನೇ ನೋಡೀದಿ. ಆಕಿ ಬದ್ಲಿಗೆ ನಾ ಮುಟ್ಟೀನಿ. ನಾ ಏನು ಮೆಂಬರೇನು, ಮಾತು ಉಳಿಸಾಕ?"

ನಿಜ. ಆ ದಿನ ಶಾಂಭವಿ ಗುಡಿಯ ಹೊರಗೆ ಗಾಡಿಯ ಪಕ್ಕ ನಿಂತಿದ್ದಳು. ಹೆಣ್ಣುಮಕ್ಕಳ ಮುಟ್ಟಿನ ವಿಷಯ, ಯಾರು ಕೆದಕಿ ಕೇಳುತ್ತಾರೆ. ಗಂಡ ಮುಟ್ಟಿದರೆ ಹೆಂಡತಿ ಮುಟ್ಟಿದಂತೆ ಎಂದು ನಾನು ತಟ್ಟೆಯನ್ನು ಅವನ ಮುಂದೆ ಹಿಡಿದೆ. ಹೊರಡುವಾಗ ಅವನು ಎರಡು ದಾಳಿಂಬೆ ಕಿತ್ತು ನನ್ನ ಸೆರಗಿಗೆ ಹಾಕಿದ. ಬೋರಿನ ಪಕ್ಕದ ಕಲ್ಲಿನ ಮೇಲೆ ಇಟ್ಟು ಬಂದೆ.

ಅಕ್ಕ, ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಶಾಂಭವಿ ಮುಟ್ಟುವುದಿಲ್ಲ ಎಂಬುದು ಹೊರಡುವ ಮೊದಲೇ ನಿನಗೆ ಗೊತ್ತಿತ್ತಾ? ಇಲ್ಲ ಎಂದು ಒಂದು ಸಾಲು ಬರೆ. ನನಗೆ ಅಷ್ಟು ಸಾಕು.

ದಾರಿ ಕಾಯುತ್ತಿರುವ
ಸಿದ್ದಮ್ಮ


ಹಗರಿಬೊಮ್ಮನಹಳ್ಳಿ
೨೭ ಮೇ ೨೦೨೫

ತಂಗಿ ಸಿದ್ದಮ್ಮನಿಗೆ.

ಕೆಲಸದ ಗಡಿಬಿಡಿಯಲ್ಲಿ ಉತ್ತರ ತಡವಾಯಿತು. ಯರ್ರೆಪ್ಪನ ಕೈಯಲ್ಲಿ ಒಂದು ಸೀರೆ ಕಳಿಸಿದ್ದೇನೆ. ಇಳಕಲ್ಲಿನದು, ನಿನಗೆ ಇಷ್ಟವಾದ ಕೆಂಪು ದಡಿಯದು. ಮುಂದಿನ ತಿಂಗಳು ಕೂಡ್ಲಿಗಿಯಲ್ಲಿ ನಮ್ಮ ಸಮಾವೇಶ ಇದೆ. ಎರಡು ಗಾಡಿ ಹೆಂಗಸರನ್ನು ಕರೆದುಕೊಂಡು ಬಾ, ಆ ಸೀರೆಯನ್ನೇ ಉಟ್ಟು ಬಾ.

ಶಾಂಭವಿ ಅವಧಿ ಮುಗಿಸಲಿ. ಉಳಿದಿರುವುದು ಕೆಲವೇ ತಿಂಗಳು. ಮುಂದಿನ ಸಲ ಕೆಂಚಕ್ಕನನ್ನು ಮೊದಲನೇ ದಿನವೇ ಕೂರಿಸೋಣ. ನೀನೇ ಅವಳಿಗೆ ತಿಳಿಸಿ ಹೇಳು, ನಿನ್ನ ಮಾತು ಕೇಳುತ್ತಾಳೆ.

ಇನ್ನು ನೀನು ಕೇಳಿದ್ದು. ಪ್ರಶ್ನೆ ಕೇಳುವವರು ನನ್ನ ಸುತ್ತ ಬೇಕಾದಷ್ಟು ಜನ ಇದ್ದಾರೆ ಸಿದ್ದಿ. ನೀನೂ ಅವರಲ್ಲಿ ಒಬ್ಬಳಾಗಬೇಡ.

ನಿನ್ನ ಅಕ್ಕ
ದಾಕ್ಷಾಯಣಮ್ಮ


ಕಾರೇಕಟ್ಟೆ
೨೦ ಆಗಸ್ಟ್ ೨೦೨೫

ದಾಕ್ಷಾಯಣಮ್ಮನವರಿಗೆ ಶರಣು.

ಕೆಂಚಕ್ಕನ ಗಂಡ ಹುಲುಗೇಶ ಹೋದ ಗುರುವಾರ ತೀರಿಕೊಂಡ. ನಿಮಗೆ ಸುದ್ದಿ ಮುಟ್ಟಿರಬೇಕು. ನಾನು ಫೋನ್ ಮಾಡಿದಾಗ ಅರುಣಕುಮಾರ್ ಬರೆದುಕೊಳ್ಳುತ್ತೇನೆ ಎಂದ.

ಮಣ್ಣಿಗೆ ಹೋದದ್ದನ್ನು ಬರೆಯುತ್ತೇನೆ. ನೀವು ಓದಬೇಕು.

ನಾಲ್ಕು ದಿನದಿಂದ ಬಿಟ್ಟು ಬಿಟ್ಟು ಮಳೆ ಬಂದು ಹಳ್ಳ ತುಂಬಿತ್ತು. ಆ ಕಡೆ ಹೊತ್ತುಕೊಂಡು ದಾಟುವುದು ಕಷ್ಟ ಎಂದು ಕೇರಿಯವರು ದಾಳಿಂಬೆ ತೋಟದ ಗೇಟಿನ ಹತ್ತಿರ ಹೆಣ ಇಳಿಸಿದರು. ಗೇಟಿಗೆ ಬೀಗ. ಪ್ರವೀಣಕುಮಾರ ಹರಪನಹಳ್ಳಿಗೆ ಹೋಗಿದ್ದ. ನಾನೇ ಅವನಿಗೆ ಫೋನ್ ಹಚ್ಚಿದೆ. "ಈಗ ಹೂವು ಕಟ್ಟೋ ಹೊತ್ತು ಚಿಗವ್ವ. ನೂರು ಮಂದಿ ನುಗ್ಗಿದ್ರ ಗಿಡ ಉಳಿತಾವೇನು? ಹಳ್ಳದಾಗ ಹೋಗಾಕ ಹೇಳು, ಯಾವಾಗ್ಲೂ ಹೋಗ್ತಾರಲ್ಲ" ಎಂದ. ಶಾಂಭವಿಯ ಮನೆಗೆ ಓಡಿದೆ. ಕೀಲಿ ಅವರ ಹತ್ತಿರ ಐತಿ ಎಂದಳು. ಬಾಗಿಲ ಸಂದಿಯಿಂದಲೇ ಹೇಳಿದಳು.

ಕೇರಿಯ ಹುಡುಗರು ಬೇಲಿ ಕತ್ತರಿಸುತ್ತೇವೆ ಎಂದು ಎದ್ದರು. ನನಗೂ ಅದೇ ಸರಿ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ತಡೆದವಳು ಕೆಂಚಕ್ಕ. ಗಂಡನ ತಲೆಯ ಹತ್ತಿರ ಕೂತಿದ್ದವಳು ಎದ್ದು ಬಂದು, "ಬ್ಯಾಡ್ರಪ. ಊರಾಗ ಗದ್ಲಾದ್ರ ಅಕ್ಕಾರಿಗೆ ಕೆಟ್ಟ ಹೆಸರು ಬರತೈತಿ" ಎಂದಳು. ಗಂಡನ ಹೆಣ ಮಳೆಯಲ್ಲಿ ನೆನೆಯುತ್ತಿತ್ತು, ಆಕೆಗೆ ನಿಮ್ಮ ಹೆಸರಿನ ಚಿಂತೆ.

ಹಳ್ಳದಲ್ಲೇ ಹೋದೆವು. ನೀರು ಸೊಂಟಕ್ಕೆ ಬಂತು. ಹೊತ್ತವರು ಚಟ್ಟವನ್ನು ತಲೆಯ ಮೇಲೆ ಎತ್ತಿ ಹಿಡಿದರು. ನಡುವೆ ಒಬ್ಬನ ಕಾಲು ಜಾರಿ ಚಟ್ಟ ಓರೆಯಾಯಿತು, ಹುಲುಗೇಶನ ಒಂದು ಕೈ ಹೊರಗೆ ಬಂದು ನೀರಿನಲ್ಲಿ ಎಳೆದುಕೊಂಡು ಹೋಯಿತು. ಕೆಂಚಕ್ಕ ಅದನ್ನು ಎತ್ತಿ ಹಿಡಿದುಕೊಂಡು ಆಚೆ ದಡದವರೆಗೆ ನಡೆದಳು. ನಾನು ಆಕೆಯ ಹಿಂದೆ ಇದ್ದೆ. ಆ ದಡದಿಂದ ನೋಡಿದರೆ ಬೇಲಿಯ ಒಳಗೆ ನಮ್ಮ ಹಳೇ ಬಂಡಿದಾರಿ ಹಾಗೇ ಕಾಣುತ್ತದೆ. ಅವನು ಅದರ ಮೇಲೆ ಗಿಡ ಕೂಡ ಹಾಕಿಲ್ಲ, ಟ್ರ್ಯಾಕ್ಟರ್ ಓಡಾಡಲು ಬಿಟ್ಟುಕೊಂಡಿದ್ದಾನೆ.

ಮೂರನೇ ದಿನ ನಾವು ಮೆಂಬರುಗಳು ನಮ್ಮ ಮನೆಯಲ್ಲಿ ಸೇರಿದೆವು. ಶಾಂಭವಿಯ ಮೇಲೆ ಅವಿಶ್ವಾಸ ತರುವುದೆಂದು ಬರೆದೆವು. ಮೊದಲನೇ ಸಹಿ ನನ್ನದು. ಬೇರೆಯವರ ಬಾಯಿಂದ ನಿಮಗೆ ತಿಳಿಯುವುದು ಬೇಡ ಎಂದು ಈ ಕಾಗದ. ಸೀರೆ ಯರ್ರೆಪ್ಪನ ಕೈಯಲ್ಲಿ ವಾಪಸು ಕಳಿಸಿದ್ದೇನೆ. ಮಡಿಕೆ ಬಿಚ್ಚಿಲ್ಲ.

ಮರುಳಸಿದ್ದಮ್ಮ


ಹಗರಿಬೊಮ್ಮನಹಳ್ಳಿ
೨ ಸೆಪ್ಟೆಂಬರ್ ೨೦೨೫

ಸಿದ್ದಮ್ಮ,

ನೀವು ಎಂದು ಬರೆದು, ಕೊನೆಗೆ ಪೂರ್ತಿ ಹೆಸರು ಹಾಕಿದ್ದೀ. ಇರಲಿ.

ಹುಲುಗೇಶನ ಸುದ್ದಿ ಕೇಳಿ ನಾನು ಆ ದಿನ ಊಟ ಮಾಡಲಿಲ್ಲ. ನಂಬುವುದಾದರೆ ನಂಬು. ಪ್ರವೀಣನಿಗೆ ಬಾಯಿಗೆ ಬಂದಂತೆ ಬೈದಿದ್ದೇನೆ. ಆದರೆ ಅವನ ತಪ್ಪಿಗೆ ನೀನು ನನ್ನ ಕತ್ತಿಗೆ ಕೈ ಹಾಕಿದ್ದೀ. ಜಿಲ್ಲಾ ಘಟಕದ ತೀರ್ಮಾನ ದಸರೆ ಕಳೆದ ಮೇಲೆ. ಆ ಹೊತ್ತಿಗೆ ನನ್ನ ಸ್ವಂತ ಊರಿನ ಪಂಚಾಯ್ತಿಯೇ ಬಿತ್ತು, ಬೀಳಿಸಿದವಳು ನನ್ನ ಬಲಗೈ ಎಂದರೆ ಮೇಲಿನವರ ಮುಂದೆ ನಾನು ಯಾವ ಮುಖ ಇಟ್ಟುಕೊಂಡು ನಿಲ್ಲಲಿ?

ನಾನು ಸರಿ ಇದ್ದಾಗ ಜೊತೆಗಿರುವುದಕ್ಕೆ ನಿಷ್ಠೆ ಬೇಕಾಗಿಲ್ಲ. ಸರಿ ಇದ್ದಾಗ ದಾರಿಹೋಕರೂ ಜೊತೆಗಿರುತ್ತಾರೆ. ನಾನು ತಪ್ಪಿದಾಗ ನಿಲ್ಲುವವರು ಬೇಕು. ನನ್ನ ಮೇಲಿನವರು ಎಷ್ಟು ಸಲ ತಪ್ಪಿಲ್ಲ! ನಿಂತೆ. ನಿಂತದ್ದಕ್ಕೇ ಈ ತಾಲೂಕಿಗೆ ರಸ್ತೆ ಬಂತು, ಹಾಸ್ಟೆಲ್ ಬಂತು. ಪ್ರತಿಯೊಂದು ತಪ್ಪಿಗೂ ಒಬ್ಬೊಬ್ಬರು ಎದ್ದು ಹೋದರೆ ಕೊನೆಗೆ ಯಾರ ಹತ್ತಿರವೂ ಯಾವ ಕೆಲಸ ಮಾಡಿಸುವ ಬಲವೂ ಉಳಿಯುವುದಿಲ್ಲ. ನಿನ್ನ ಕೈ ಸ್ವಚ್ಛ ಇರುತ್ತದೆ, ಊರಿಗೆ ಏನೂ ಸಿಗುವುದಿಲ್ಲ.

ಮೈಲಾರದಲ್ಲಿ ಎರಡು ಮಾತು ಹೇಳಿಸಿದೆವು. ನೀನು ಮೊದಲನೆಯದನ್ನೇ ಹಿಡಿದುಕೊಂಡಿದ್ದೀ. ಗುಂಪಿನ ವಿರುದ್ಧ ಕೈ ಎತ್ತುವುದಿಲ್ಲ ಎಂಬ ಎರಡನೆಯದೂ ಅದೇ ತಟ್ಟೆಯ ಮೇಲೆ ಆಡಿದ್ದು. ಮೆಂಬರುಗಳಿಗೆ ಅದನ್ನು ನೆನಪು ಮಾಡು. ಬೇರೆ ಯಾರು ಹೇಳಿದರೂ ಕೇಳುವುದಿಲ್ಲ, ನೀನು ಹೇಳಿದರೆ ಕೇಳುತ್ತಾರೆ. ಇದೊಂದು ಮಾಡು. ಅಕ್ಕ ಎಂದು ಕರೆದ ನಾಲಿಗೆಯ ಮೇಲೆ ಕೇಳುತ್ತಿದ್ದೇನೆ.

ದಾಕ್ಷಾಯಣಮ್ಮ


ಕಾರೇಕಟ್ಟೆ
೧೭ ಅಕ್ಟೋಬರ್ ೨೦೨೫

ದಾಕ್ಷಾಯಣಮ್ಮನವರಿಗೆ.

ಮೊನ್ನೆ ಪಂಚಾಯ್ತಿಯ ಮುಂದೆ ಪಟಾಕಿ ಹೊಡೆದದ್ದು, ನಿಮ್ಮ ಫೋಟೋಕ್ಕೆ ಹಾರ ಹಾಕಿ ಮೆರವಣಿಗೆ ತೆಗೆದದ್ದು ಎಲ್ಲ ನಿಮ್ಮ ಫೋನಿಗೆ ಬಂದಿರಬೇಕು. ಒಳಗೆ ನಡೆದದ್ದು ಫೋಟೋದಲ್ಲಿ ಬರುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನೀವು ಹೇಳಿದರೂ ನಾನು ಯಾರಿಗೂ ಎರಡನೇ ಮಾತು ನೆನಪು ಮಾಡಲಿಲ್ಲ. ಅವರಿಗೇ ನೆನಪಿತ್ತು. ದೇವರ ಭಂಡಾರ, ಮರೆಯುವಂಥದ್ದಲ್ಲ. ಮೀಟಿಂಗಿಗೆ ಮೊದಲು ನಮ್ಮ ಕಡೆಯ ಮೆಂಬರುಗಳೆಲ್ಲ ಮತ್ತೆ ಮೈಲಾರಕ್ಕೆ ಹೋಗಿ ತಪ್ಪುಕಾಣಿಕೆ ಹಾಕಿ, ಅವರು ಮೊದಲು ಮುರಿದರಪ್ಪಾ, ನಮ್ಮನ್ನು ಬಿಡಿಸು ಎಂದು ಬೇಡಿಕೊಂಡು ಬಂದರು. ಕೆಂಚಕ್ಕ ಹೋಗಲಿಲ್ಲ. ಗಂಡ ಸತ್ತ ಸೂತಕ ಮನಸ್ಸಿನಿಂದ ಹೋಗಿಲ್ಲ ಎಂದಳು. ನಾವು ಅದನ್ನೇ ನಿಜ ಎಂದುಕೊಂಡೆವು.

ಮೀಟಿಂಗು ನಡೆಸಲು ಎ.ಸಿ. ಸಾಹೇಬರು ಬಂದರು. ಒಂಬತ್ತು ಕೈ ಎದ್ದರೆ ಶಾಂಭವಿ ಇಳಿಯಬೇಕು. ನಾವು ಲೆಕ್ಕ ಹಾಕಿ ಒಂಬತ್ತು ಮಂದಿ ಇದ್ದೆವು. ಪರವಾಗಿರುವವರು ಕೈ ಎತ್ತಿ ಎಂದರು. ನಾನು ಎತ್ತಿದೆ. ಸಾಹೇಬರು ಎಣಿಸಿ, ಮತ್ತೊಮ್ಮೆ ಎಣಿಸಿ, ಎಂಟು ಎಂದರು. ನಾನು ತಿರುಗಿ ನೋಡಿದೆ. ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದ ಕೆಂಚಕ್ಕನ ಎರಡೂ ಕೈ ಮಡಿಲಿನಲ್ಲಿದ್ದವು. ಒಂದನ್ನು ಇನ್ನೊಂದು ಹಿಡಿದುಕೊಂಡಿತ್ತು.

ಯಾರೋ ಹೆದರಿಸಿದರು, ಯಾರೋ ಕೊಂಡರು ಎಂದು ಹೊರಗೆ ಹುಡುಗರು ಆಕೆಯನ್ನು ಬಾಯಿಗೆ ಬಂದಂತೆ ಆಡಿದರು. ನಾನೂ ಒಂದು ಗಳಿಗೆ ಹಾಗೇ ಅಂದುಕೊಂಡೆ. ಶಾಂಭವಿ ಪೇಡೆ ಹಂಚುತ್ತ ಬಂದು ಆಕೆಯ ಕೈಯಲ್ಲೂ ಒಂದು ಇಟ್ಟಳು. ಕೆಂಚಕ್ಕ ತಿನ್ನಲಿಲ್ಲ, ಚೆಲ್ಲಲೂ ಇಲ್ಲ, ಹಿಡಿದುಕೊಂಡೇ ನಡೆದಳು. ನಾನು ಕೆರೆ ಏರಿಯ ತನಕ ಆಕೆಯ ಹಿಂದೆ ಹೋಗಿ ಕೇಳಿದೆ.

"ಯಾಕ ಎತ್ತಲಿಲ್ಲ ಕೆಂಚಕ್ಕ?"

"ನಾ ಮುಟ್ಟೀನಲ್ಲ ಯವ್ವ."

"ಅವರು ಮಾತು ಮುರದಾರ."

"ಅದು ಅವರದು. ನಾ ಮುಟ್ಟಿದ್ದು ನಂದು."

"ನಿನ್ನ ಗಂಡನ್ನ ಹಳ್ಳದಾಗ ಹೊತ್ತೀವಿ."

ಆಕೆ ಪೇಡೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಆಮೇಲೆ, "ಆತ ಹೋದ. ಹುಡುಗರು ಅದಾವಲ್ಲ ಯವ್ವ. ದೇವರ ಮಾತು ಮುರದು ನಾ ದಾರಿ ತಗೊಂಡ್ರ, ಆ ದಾರ್ಯಾಗ ಮೊದ್ಲು ಯಾರ್ನ ಹೊರಬೇಕಾಗತೈತೋ" ಎಂದಳು. ನನ್ನನ್ನು ಬೈಯಲಿಲ್ಲ. ತಟ್ಟೆ ಹಿಡಿದವಳು ನೀನೇ ಅಲ್ಲವೇ ಎಂದು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಆಮೇಲೆ ಕೂತು ಯೋಚಿಸಿದೆ. ಆ ದಿನ ಯಾರು ಯಾರು ಮುಟ್ಟಿದರು? ತಟ್ಟೆ ಹಿಡಿದವಳು ಸಾಕ್ಷಿ ಮಾತ್ರ ಎಂದು ನಾನು ಮುಟ್ಟಲಿಲ್ಲ. ಶಾಂಭವಿ ಹೊರಗಾದಳು ಎಂದು ಮುಟ್ಟಲಿಲ್ಲ. ನೀವು ಮೆಂಬರಲ್ಲ ಎಂದು ಮುಟ್ಟಲಿಲ್ಲ. ಮುಟ್ಟಿದ ಬಡವಿ ಮಾತ್ರ ಕಟ್ಟಿಹಾಕಿಕೊಂಡಳು. ನಾನು ಏಪ್ರಿಲಿನಲ್ಲಿ ಕೇಳಿದ ಒಂದು ಸಾಲಿಗೆ ನೀವು ಇವತ್ತಿನವರೆಗೆ ಉತ್ತರ ಬರೆದಿಲ್ಲ. ಇನ್ನು ಬರೆಯುವುದು ಬೇಡ.

ಪಂಚಾಯ್ತಿ ಉ‍ಳಿಯಿತು. ಉಳಿಸಿದ ಕೈ ಯಾರದು ಎಂಬುದು ನಿಮಗೆ ಗೊತ್ತಿರಲಿ.

ಮರುಳಸಿದ್ದಮ್ಮ


ಹಗರಿಬೊಮ್ಮನಹಳ್ಳಿ
೯ ಜನವರಿ ೨೦೨೬

ತಂಗಿ ಸಿದ್ದಮ್ಮನಿಗೆ ಪ್ರೀತಿಯ ಆಶೀರ್ವಾದಗಳು.

ಸಂತೋಷದ ಸುದ್ದಿ. ಜಿಲ್ಲಾ ಮಹಿಳಾ ಘಟಕಕ್ಕೆ ನನ್ನನ್ನೇ ಅಧ್ಯಕ್ಷೆ ಮಾಡಿದ್ದಾರೆ. ಪೇಪರಿನಲ್ಲಿ ನೋಡಿರುತ್ತೀ. ಮೊದಲು ನೆನಪಾದದ್ದು ನೀನು. ಆ ಆಫೀಸಿನ ಮುಂದಿನ ಬಿಸಿಲು ನೆನಪಾಯಿತು.

ನೀನು ಮಾಡಿದ್ದನ್ನು ನಾನು ಮರೆತಿದ್ದೇನೆ. ಸಿಟ್ಟಿನಲ್ಲಿ ಮಾಡಿದೆ, ನಿನ್ನ ಜಾಗದಲ್ಲಿ ನಾನಿದ್ದರೂ ಮಾಡುತ್ತಿದ್ದೆನೇನೋ. ಈ ತಿಂಗಳ ಕೊನೆಗೆ ಕೊಟ್ಟೂರಿನಲ್ಲಿ ನನಗೆ ಸನ್ಮಾನ ಇಟ್ಟುಕೊಂಡಿದ್ದಾರೆ. ಅದೇ ವೇದಿಕೆಯ ಮೇಲೆ ನಾನು ಕೆಂಚಕ್ಕನಿಗೆ ಶಾಲು ಹೊದಿಸಬೇಕೆಂದಿದ್ದೇನೆ. ಗಂಡನನ್ನು ಕಳೆದುಕೊಂಡ ದುಃಖದಲ್ಲೂ ಗುಂಪು ಬಿಡದ ನಿಷ್ಠಾವಂತೆ ಎಂದು ನಾನೇ ಪರಿಚಯ ಮಾಡುತ್ತೇನೆ. ಅಂಥ ಒಬ್ಬಳನ್ನು ಮುಂದೆ ತೋರಿಸಿದರೆ ಹೊಸಬರಿಗೆ ಪಾಠವಾಗುತ್ತದೆ. ನೀನೇ ಕರೆದುಕೊಂಡು ಬಾ.

ಈ ಪಂಚಾಯ್ತಿಯ ಅವಧಿ ಮುಗಿಯಿತು, ಹೊಸ ಚುನಾವಣೆ ದೂರವಿಲ್ಲ. ನಿಲ್ಲುವವರನ್ನು ಈಗಲೇ ಒಟ್ಟು ಮಾಡಬೇಕು. ಈ ಸಲ ಮೈಲಾರಕ್ಕೆ ಮೊದಲೇ ಹೋಗಿಬಿಡೋಣ. ತಟ್ಟೆ ನಿನ್ನ ಕೈಯಲ್ಲೇ ಇರಬೇಕು. ಬೇರೆಯವರ ಕೈಯಲ್ಲಿ ಕೊಟ್ಟರೆ ಜನ ನಂಬುವುದಿಲ್ಲ.

ದಾರಿಯ ವಿಷಯ ನನ್ನ ತಲೆಯಲ್ಲಿದೆ. ಚುನಾವಣೆ ಮುಗಿದ ಕೂಡಲೇ ನೋಡೋಣ.

ಎಂದಿನಂತೆ ನಿನ್ನ ಅಕ್ಕ
ದಾಕ್ಷಾಯಣಮ್ಮ


ಕಾರೇಕಟ್ಟೆ
೨೧ ಜನವರಿ ೨೦೨೬

ಜಿಲ್ಲಾ ಘಟಕದ ಅಧ್ಯಕ್ಷೆ ದಾಕ್ಷಾಯಣಮ್ಮನವರಿಗೆ.

ನಿಮಗೆ ಪದವಿ ಬಂದದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ದುಡಿದಿದ್ದೀರಿ. ಸೋಮವಾರ ನಿಮ್ಮ ಹೆಸರಿನಲ್ಲಿ ಒಂದು ಕಾಯಿ ಒಡೆಸಿದೆ.

ಶಾಲಿನ ವಿಷಯ ಕೆಂಚಕ್ಕನಿಗೆ ಹೇಳಿದೆ. ಮುಚ್ಚಿಟ್ಟರೆ ನನ್ನದು ಮೋಸವಾಗುತ್ತಿತ್ತು. ಬರುತ್ತಾಳೆ. "ಅಕ್ಕಾರು ಕರದ್ರ ಹೋಗಬೇಕಲ್ಲ ಯವ್ವ" ಎಂದಳು. ಅಂದು ಕೂಲಿ ತಪ್ಪುತ್ತದೆ ಎಂದು ಹಿಂದಿನ ದಿನ ಹೆಚ್ಚು ಹೊತ್ತು ಮೆಣಸಿನಕಾಯಿ ಬಿಡಿಸಲು ಒಪ್ಪಿಕೊಂಡಿದ್ದಾಳೆ. ವೇದಿಕೆಯ ಮೇಲೆ ಆಕೆ ಏನಾದರೂ ಅಂದಾಳು ಎಂಬ ಭಯ ನಿಮಗೆ ಬೇಡ. ಏನೂ ಅನ್ನುವುದಿಲ್ಲ. ಹೊದಿಸಿದರೆ ಹೊದ್ದುಕೊಂಡು, ಕೈ ಮುಗಿದು ಇಳಿಯುತ್ತಾಳೆ. ಕರೆದುಕೊಂಡು ಬರುವುದು ಮಾತ್ರ ನನ್ನಿಂದಾಗದು. ಬಸ್ಸಿಗೆ ಹತ್ತಿಸುತ್ತೇನೆ.

ನೀವು ಬರೆದ ಕಾಗದಗಳನ್ನು ಮತ್ತೆ ಓದಿದೆ. ನಿಯತ್ತು ಇದ್ದರೇ ಕೆಲಸ ಆಗುತ್ತದೆ ಎಂದಿರಿ. ನಿಜ, ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ನೀವು ಪ್ರವೀಣಕುಮಾರನಿಗೆ ಕುರ್ಚಿ ಕೊಟ್ಟಿರಿ, ಯಾಕೆಂದರೆ ಅವನು ಬಿಟ್ಟು ಹೋಗುವವನು. ಕೆಂಚಕ್ಕನಿಗೆ ಏನೂ ಕೊಡಲಿಲ್ಲ, ಯಾಕೆಂದರೆ ಆಕೆ ಬಿಟ್ಟು ಹೋಗುವವಳಲ್ಲ. ಮನೆ ನಡೆಸುವ ಹೆಂಗಸು ಹೀಗೆ ಮಾಡಿದರೆ, ಕೂಗಾಡುವ ಮಗನಿಗೆ ಬಡಿಸಿ ಸುಮ್ಮನೆ ಕೂತ ಮಗನನ್ನು ಉಪವಾಸ ಮಲಗಿಸಿದರೆ, ಆಕೆಯನ್ನು ಜಾಣೆ ಎನ್ನುತ್ತೀರಾ? ರಾಜಕೀಯದಲ್ಲಿ ಎನ್ನುತ್ತಾರೆ ಎಂದು ಕಾಣುತ್ತದೆ. ಅದಕ್ಕೇ ನೀವು ಅಲ್ಲಿದ್ದೀರಿ.

ನೀವು ತಪ್ಪಿದಾಗಲೂ ನಿಲ್ಲಬೇಕು ಎಂದಿರಿ. ನಿಂತಿದ್ದೆ. ನಿಂತಲ್ಲಿಂದಲೇ ತಪ್ಪಾಯಿತಕ್ಕ ಎಂದು ಹೇಳಿದೆ. ಹೇಳುವವಳು ಬೇಡ, ನಿಲ್ಲುವವಳು ಸಾಕು ಎಂದಿರಿ. ಮುಂದೆ ನಿಮ್ಮ ಸುತ್ತ ನಿಲ್ಲುವವರೇ ಇರುತ್ತಾರೆ. ನೀವು ಹಳ್ಳಕ್ಕೆ ಇಳಿದರೂ ಅಕ್ಕಾರ ಅಲ್ಲಿ ನೀರೈತಿ ಎಂದು ಒಬ್ಬರೂ ಹೇಳುವುದಿಲ್ಲ.

ತಟ್ಟೆ ನಾನು ಹಿಡಿಯುವುದಿಲ್ಲ. ಈ ಸಲ ಚುನಾವಣೆಗೂ ನಿಲ್ಲುವುದಿಲ್ಲ. ಮೈಲಾರಕ್ಕೆ ಒಬ್ಬಳೇ ಹೋಗಿ ಬಂದೆ. ಏನು ಬೇಡಿಕೊಂಡೆ ಎಂಬುದು ಅವನಿಗೂ ನನಗೂ ಇರಲಿ. ಅಲ್ಲಿ ಹದಿನೈದಿಪ್ಪತ್ತು ಮಂದಿಯ ಇನ್ನೊಂದು ಊರಿನ ಗುಂಪು ಬಂದಿತ್ತು. ಒಬ್ಬ ಹೆಂಗಸು ತಟ್ಟೆ ಹಿಡಿದು ಮಾತು ಹೇಳಿಸುತ್ತಿದ್ದಳು, ಅವರ ಸಾಹುಕಾರ ಗಾಡಿಯಲ್ಲೇ ಕೂತು ಫೋನಿನಲ್ಲಿ ಮಾತಾಡುತ್ತಿದ್ದ. ನಾನು ನಿಲ್ಲದೆ ಬಂದೆ.

ಓಟಿನ ವಿಷಯದಲ್ಲಿ ಚಿಂತೆ ಮಾಡಬೇಡಿ. ಕೆಂಚಕ್ಕ ನೀವು ಹೇಳಿದವರಿಗೇ ಹಾಕುತ್ತಾಳೆ, ಕೇರಿಯವರಿಂದಲೂ ಹಾಕಿಸುತ್ತಾಳೆ. ನಾನೂ ನಿಮಗೇ ಹಾಕುತ್ತೇನೆ. ಎದುರಿನವನು ನಿಮಗಿಂತ ಕೆಟ್ಟವನು, ಅವನ ಕೈಗೆ ಊರು ಕೊಡಲಾರೆ. ಓಟು ಕೇಳಲು ನಮ್ಮ ಓಣಿಗೆ ಬಂದಾಗ ಬನ್ನಿ, ಹೊರಗೆ ಬಂದು ಕೈ ಮುಗಿಯುತ್ತೇನೆ. ಇಷ್ಟು ವರ್ಷ ನೀವು ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ಬರುತ್ತಿದ್ದಿರಿ. ಈ ಸಲ ಅಂಗಳದಲ್ಲೇ ನಿಂತು ಕೇಳಿ ಹೋಗಿ. ಒಳಗೆ ಬನ್ನಿ ಎಂದು ನಾನು ಕರೆಯುವುದಿಲ್ಲ.

ಮರುಳಸಿದ್ದಮ್ಮ ಗಂಡ ಹಾಲೇಶಪ್ಪ
ಕಾರೇಕಟ್ಟೆ